ಒಣ ಪಿಚ್, ಹಳೆಯ ಚೆಂಡು

ನಾನು ವೇಗದ ಬೌಲಿಂಗ್ ಕಲಿತದ್ದು ಶಿವಮೊಗ್ಗದಲ್ಲಿ, ತೆಂಗಿನ ನಾರಿನ ಮ್ಯಾಟ್ ಮೇಲೆ. ಅಂಚಿಗೆ ಮೊಳೆ ಹೊಡೆದು ಬಿಗಿದ ಆ ಮ್ಯಾಟ್ ಮೇಲೆ ಚೆಂಡನ್ನು ಸ್ವಲ್ಪ ಶಾರ್ಟ್, ಅಂದರೆ ಬ್ಯಾಟರ್‌ನಿಂದ ದೂರದಲ್ಲೇ ಬೀಳುವಂತೆ, ಹಾಕಿದರೂ ಸಾಕು, ಬ್ಯಾಟರ್‌ನ ಎದೆಮಟ್ಟಕ್ಕೆ ಏಳುತ್ತಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಬೆಂಗಳೂರಿನ ಲೀಗ್‌ಗೆ ಬಂದು ಟರ್ಫ್ ಪಿಚ್ (ಹುಲ್ಲು-ಮಣ್ಣಿನ ಪಿಚ್) ಮೇಲೆ ಅದೇ ಎಸೆತ ಹಾಕಿದೆ. ಸೊಂಟದ ಎತ್ತರಕ್ಕೂ ಬರಲಿಲ್ಲ. ಹದಿನೇಳು ಓವರ್, ಒಂದೂ ವಿಕೆಟ್ ಇಲ್ಲ. ಇನ್ನಷ್ಟು ಜೋರಾಗಿ ಓಡಿ ಬಂದರೆ ಸರಿಹೋಗುತ್ತದೆ ಎಂದುಕೊಂಡು ಇಡೀ ಋತು ಹಾಗೆಯೇ ಕಳೆದೆ.

ಕಣ್ಣು ತೆರೆಸಿದ್ದು 1996ರ ಅಹಮದಾಬಾದ್ ಟೆಸ್ಟ್. ಬಿರುಕು ಬಿಟ್ಟ, ಮಣ್ಣು ಕೀಳುತ್ತಿದ್ದ ಪಿಚ್. ಗೆಲ್ಲಲು 170 ರನ್ ಬೇಕಿದ್ದ ದಕ್ಷಿಣ ಆಫ್ರಿಕಾ 105ಕ್ಕೆ ಆಲೌಟ್ ಆಯಿತು. ಅದು ಸ್ಪಿನ್ನರ್‌ಗಳ ಪಿಚ್ ಎಂದು ಎಲ್ಲರೂ ಹೇಳುತ್ತಿದ್ದರು; 21 ರನ್‌ಗೆ 6 ವಿಕೆಟ್ ಕಿತ್ತವರು ನಮ್ಮ ಜಾವಗಲ್ ಶ್ರೀನಾಥ್. ಒಣ ಪಿಚ್‌ನಲ್ಲಿ ವೇಗದ ಬೌಲರ್‌ಗೆ ಕೆಲಸವಿಲ್ಲ ಎಂಬ ಮಾತನ್ನು ನಾನು ಅಂದಿನಿಂದ ನಂಬಿಲ್ಲ. ಮರುದಿನದಿಂದಲೇ ನೆಟ್ಸ್‌ನಲ್ಲಿ ಲೆಂಗ್ತನ್ನು, ಅಂದರೆ ಚೆಂಡು ನೆಲಕ್ಕೆ ಬೀಳುವ ಜಾಗವನ್ನು, ಸುಮಾರು ಒಂದು ಗಜ ಬ್ಯಾಟರ್ ಕಡೆಗೆ ತಂದೆ. ಪುಟಿಯದ ಪಿಚ್‌ನಲ್ಲಿ ಚೆಂಡು ಸ್ಟಂಪ್‌ಗೆ ಬಡಿಯುವಂತಿರಬೇಕು, ಇಲ್ಲವೇ ಪ್ಯಾಡ್‌ಗೆ.

ಲೆಂಗ್ತ್ ಅರ್ಧ ಕೆಲಸ. ಉಳಿದರ್ಧ ಚೆಂಡಿನದು. ಇಲ್ಲಿ ನಾವು ಆಡುವುದು ಮೀರತ್‌ನ ಎಸ್‌ಜಿ ಚೆಂಡು. ಭಾರತದ ಟೆಸ್ಟ್‌ಗಳಲ್ಲಿ ಬಳಸುವುದೂ ಅದನ್ನೇ. ಕೈಯಲ್ಲಿ ಹೊಲಿದ ಅದರ ಹೊಲಿಗೆ ಎದ್ದು ನಿಂತಿರುತ್ತದೆ. ಆಸ್ಟ್ರೇಲಿಯಾದಲ್ಲಿ ಬಳಸುವ ಕೂಕಬುರ್ರಾದ ಹೊಲಿಗೆ ಬೇಗ ಕೂರುತ್ತದೆ. ಇಂಗ್ಲೆಂಡಿನ ಡ್ಯೂಕ್ಸ್ ಹೊಳಪನ್ನು ಬಹಳ ಹೊತ್ತು ಬಿಡುವುದಿಲ್ಲ. ಎಸ್‌ಜಿ ನಮ್ಮ ಒಣನೆಲದಲ್ಲಿ ಬೇಗನೆ ಒರಟಾಗುತ್ತದೆ. ಅದನ್ನು ದೂರುವವರು ಬಹಳ. ನನಗೆ ಆ ಒರಟೇ ಬೇಕು, ಆದರೆ ಒಂದೇ ಕಡೆ ಬೇಕು. ಒಂದು ಮಗ್ಗುಲು ಒರಟಾಗಿ, ಇನ್ನೊಂದು ಹೊಳಪಾಗಿದ್ದರೆ ಹಳೆಯ ಚೆಂಡೂ ಗಾಳಿಯಲ್ಲಿ ಬಾಗುತ್ತದೆ.

ಎರಡು ದಿನಗಳ ಒಂದು ಪಂದ್ಯದಲ್ಲಿ ಮೂವತ್ತೈದು ಓವರ್ ಒಂದು ಮಗ್ಗುಲನ್ನು ಒಣಗಿಸಿಟ್ಟಿದ್ದೆವು. ಕವರ್ಸ್‌ನಲ್ಲಿ ಫೀಲ್ಡಿಂಗ್ ಮಾಡುತ್ತಿದ್ದ ಹುಡುಗ ಬೆವರಿದ ಅಂಗೈಯಲ್ಲಿ ಚೆಂಡನ್ನು ತಿರುಗಿಸುತ್ತಾ ನಡೆದು ಬಂದು ನನಗೆ ಕೊಟ್ಟ. ಒರಟು ಮಗ್ಗುಲು ತೇವವಾಗಿ ಕಪ್ಪಿಟ್ಟಿತ್ತು. ಅವನಿಗೆ ಯಾರೂ ಹೇಳಿರಲಿಲ್ಲ, ತಪ್ಪು ನನ್ನದೇ. ಹತ್ತಾರು ಓವರ್ ಚೆಂಡು ಕೋಲಿನಂತೆ ನೇರ ಹೋಯಿತು. ಅಂದಿನಿಂದ ನಮ್ಮ ತಂಡದಲ್ಲಿ ಉಜ್ಜುವ ಕೆಲಸ ಒಬ್ಬನದು, ಕೈ ಕಡಿಮೆ ಬೆವರುವವನದು. ಉಳಿದವರು ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ದಾಟಿಸಬೇಕು, ಅಂಗೈ ತಾಗಬಾರದು. ಎಂಜಲು ಹಚ್ಚುವುದನ್ನು ಕ್ರಿಕೆಟ್‌ನ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿ 2020ರಲ್ಲಿ ತಡೆದು, 2022ರಲ್ಲಿ ಶಾಶ್ವತವಾಗಿ ನಿಷೇಧಿಸಿದೆ. ಈಗ ಹಣೆಯ ಬೆವರು ಮಾತ್ರ, ಅದೂ ಬೆರಳ ತುದಿಯಷ್ಟು, ಹೊಳೆಯುವ ಮಗ್ಗುಲಿಗೆ ಮಾತ್ರ.

ಮುಂದಿನ ಪಂದ್ಯದ ಐವತ್ತೆರಡನೇ ಓವರ್ ನನಗೆ ಇಂದಿಗೂ ನೆನಪಿದೆ. ಔಟ್‌ಸ್ವಿಂಗ್‌ಗೆ, ಅಂದರೆ ಬ್ಯಾಟರ್‌ನಿಂದ ಹೊರಕ್ಕೆ ಬಾಗುವ ಎಸೆತಕ್ಕೆ, ಹಿಡಿಯುವಂತೆಯೇ ಹಿಡಿದೆ: ಹೊಲಿಗೆ ಸ್ಲಿಪ್ ಕಡೆಗೆ, ಹೊಳಪು ಲೆಗ್ ಕಡೆಗೆ. ಆಫ್ ಸ್ಟಂಪ್‌ನಿಂದ ಒಂದು ಗೇಣು ಹೊರಗೆ ಹೊರಟ ಚೆಂಡು ಕೊನೆಯ ಎರಡು ಗಜದಲ್ಲಿ ಒಳಕ್ಕೆ ಬಾಗಿತು. ಬಿಡಲೆಂದು ಬ್ಯಾಟ್ ಎತ್ತಿದ್ದ ಬ್ಯಾಟರ್‌ನ ಆಫ್ ಸ್ಟಂಪ್ ಬಿತ್ತು. ಹಳೆಯ ಚೆಂಡು ಹೀಗೆ ವಾಡಿಕೆಗೆ ಉಲ್ಟಾ ಬಾಗುವ ರಿವರ್ಸ್ ಸ್ವಿಂಗ್ ಬಗ್ಗೆ ಕೇಳಿದ್ದೆ, ನನ್ನ ಕೈಯಿಂದ ಹೊರಟದ್ದು ಅದೇ ಮೊದಲು. ಅಂದು ನಾಲ್ಕು ವಿಕೆಟ್ ಬಂದವು, ಮೂರು ಬೌಲ್ಡ್.

ಈಗ ನನ್ನ ಬಳಿ ಬರುವ ಹುಡುಗರಿಗೆ ಮೊದಲ ತಿಂಗಳು ಹೊಸ ಚೆಂಡು ಕೊಡುವುದಿಲ್ಲ. ಚೀಲದಿಂದ ಐವತ್ತು ಓವರ್ ಆಡಿದ ಚೆಂಡನ್ನು ತೆಗೆದು ಕೈಗಿಡುತ್ತೇನೆ. ಯಾವ ಮಗ್ಗುಲು ಒರಟು ಎಂದು ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರಿ ಹೇಳಿದ ಮೇಲೆಯೇ ಓಡಲು ಬಿಡುತ್ತೇನೆ.