ತಲೆಹೊಟ್ಟು: ಎಣ್ಣೆ ಬಿಡಿಸಲಿಲ್ಲ, ಎಣ್ಣೆಯ ಹೊತ್ತು ಬದಲಿಸಿದೆ

ನನ್ನ ಸೆಲೂನಿಗೆ ಬರುವ, ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಗಿರಾಕಿಗೆ ‘ತಲೆಗೆ ಎಣ್ಣೆ ಹಾಕಬೇಡಿ’ ಅಂದರೆ ಮುಂದಿನ ವಾರ ಕುರ್ಚಿ ಖಾಲಿ. ಎಣ್ಣೆ ಸಾಲದೆ ಹೊಟ್ಟು ಬರುತ್ತದೆ ಎಂಬುದು ಇಲ್ಲಿನ ನಂಬಿಕೆ. ಹಾಗಾಗಿ ಎಣ್ಣೆ ಬಿಡಿಸುವ ಗೋಜಿಗೇ ಹೋಗಲಿಲ್ಲ. ಮಿಂದ ಮೇಲೆ ಹಚ್ಚುವುದನ್ನು ಮೀಯುವ ಮೊದಲಿಗೆ ತಂದೆ, ಅದೂ ಅರ್ಧ ಗಂಟೆ ಮಾತ್ರ. ಕಸುಬಿನವರೇ ನಕ್ಕರು. ಈಗ ಹತ್ತರಲ್ಲಿ ಏಳೆಂಟು ತಲೆ ನಾಲ್ಕು ವಾರದಲ್ಲಿ ತಿಳಿಯಾಗುತ್ತವೆ.

ಮೊದಲು ದುಡ್ಡು ಹೋದ ಲೆಕ್ಕ. ಏಜೆಂಟ್ ತಂದ ‘ಸ್ಪಾ’ ಕಿಟ್ಟಿಗೆ 4,000 ರೂ. ಹತ್ತಿರ; ಒದಗಿದ್ದು ಒಂಬತ್ತೋ ಹತ್ತೋ ತಲೆಗೆ. ಸ್ಟೀಮರಿನ ಖರ್ಚು ಬೇರೆ. ಆ ದಿನ ನೆತ್ತಿ ಫಳಫಳ, ಮೂರನೆಯ ವಾರ ಭುಜದ ಮೇಲೆ ಮತ್ತೆ ಹಿಟ್ಟು. ಹಬೆ ಪೊರೆಯನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ, ಅಷ್ಟೇ. ಒಳಗಿನ ಮಲಸೇಜಿಯಾ ಅಲ್ಲೇ ಇರುತ್ತದೆ. ಅದು ಎಲ್ಲರ ನೆತ್ತಿಯಲ್ಲೂ ಜಿಡ್ಡು ತಿಂದು ಬದುಕುವ ಶಿಲೀಂಧ್ರ. ನಿಮ್ಮ ಬಾಚಣಿಗೆಯಿಂದಲೇ ಹೊಟ್ಟು ಬಂತು ಎಂದು ಜಗಳಕ್ಕೆ ಬರುವವರಿಗೆ ಇದನ್ನೇ ಹೇಳಿ.

ಈಗಿನ ಕ್ರಮ: ಉಗುರುಬೆಚ್ಚಗಿನ ತೆಂಗಿನೆಣ್ಣೆ ಎರಡು ಚಮಚ, ಪೊರೆ ದಪ್ಪವಿದ್ದಲ್ಲಿಗೆ ಮಾತ್ರ. ಅರ್ಧ ಗಂಟೆ ಬಿಟ್ಟು ಸಾದಾ ಶಾಂಪೂವಿನಿಂದ ಜಿಡ್ಡು ಪೂರ್ತಿ ತೆಗೆಯಬೇಕು. ಜಿಡ್ಡು ಉಳಿದರೆ ಮದ್ದು ಚರ್ಮಕ್ಕೆ ತಾಗದು. ಆಮೇಲೆ ಮದ್ದು, ಅಂದರೆ ಆ ಶಿಲೀಂಧ್ರವನ್ನು ಹತ್ತಿಕ್ಕುವ ಕೀಟೋಕೊನಜೋಲ್ 2% ಶಾಂಪೂ, ಗಿಡ್ಡ ಕೂದಲಿಗೆ 5 ಮಿ.ಲೀ., ಜಡೆಯವರಿಗೆ 10. ಮೂತಿಯ ಬಾಟಲಿಗೆ ಹಾಕಿ ಒಂದೊಂದು ಬೆರಳಗಲಕ್ಕೆ ಬೈತಲೆ ತೆಗೆದು ನೆತ್ತಿಗೇ ಬಿಡಿ. ಬೆರಳ ತುದಿಯಲ್ಲಿ ತಿಕ್ಕಿ, ಉಗುರು ಬೇಡ. ಗಡಿಯಾರ ನೋಡಿ 5 ನಿಮಿಷ. ವಾರಕ್ಕೆ ಎರಡು ಸಲ, ನಾಲ್ಕು ವಾರ.

ಕೆಡುವುದೆಲ್ಲ ಆ ಐದು ನಿಮಿಷದಲ್ಲೇ. ಮನೆಯಲ್ಲಿ ನೊರೆ ಬಂದ ಕೂಡಲೇ ಚೊಂಬು ಎತ್ತುತ್ತಾರೆ. ಮದ್ದು ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಎರಡನೆಯ ಕೇಡು, ಎರಡು ವಾರಕ್ಕೆ ತುರಿಕೆ ನಿಂತಿತೆಂದು ಬಾಟಲಿ ಮೂಲೆಗಿಡುವುದು. ಮೂರನೆಯದು ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ: ಒದ್ದೆ ಕೂದಲನ್ನೇ ತುರುಬು ಕಟ್ಟಿ ಕೂತರೆ ಎಲ್ಲ ಮೊದಲಿಂದ. ಬೈರಾಸಿನಲ್ಲಿ (ಟವೆಲಿನಲ್ಲಿ) ಒತ್ತಿ, ಫ್ಯಾನಿನಡಿ ಬುಡ ಒಣಗಿಸಿಯೇ ಕಟ್ಟಬೇಕು.

ಮಗುವಿನ ತಲೆಯಲ್ಲಿ ಕೂದಲು ಮುರಿದ ಬೋಳು ವೃತ್ತ, ಅಥವಾ ಹಣೆಯ ಗಡಿ ದಾಟಿದ ಬೆಳ್ಳಿಬಣ್ಣದ ದಪ್ಪ ಪದರ ಕಂಡರೆ ಕೈ ಹಾಕಬೇಡಿ, ಚರ್ಮದ ಡಾಕ್ಟರಲ್ಲಿಗೆ ಕಳಿಸಿ.

ನಿಂಬೆರಸ ನೋಡಿಯಾಯಿತು: ಕೆರೆದ ನೆತ್ತಿಗೆ ಉರಿ, ಲಾಭ ಸೊನ್ನೆ. ಮೊಸರಿನ ವಾಸನೆ ಮಳೆಗಾಲದಲ್ಲಿ ಎರಡು ದಿನ ಹೋಗದು. ದಾಸವಾಳ ಎಲೆಯ ಲೋಳೆಯನ್ನು ಮದ್ದಿಗೇ ಬೆರೆಸಿದ್ದು ದಡ್ಡತನ, ಎರಡೂ ಕೆಲಸ ಮಾಡಲಿಲ್ಲ. ಅದೇ ಲೋಳೆಯನ್ನು ಕೊನೆಗೆ ಕೂದಲ ತುದಿಗೆ ಮಾತ್ರ ಹಚ್ಚಿದರೆ ಮದ್ದಿನಿಂದಾದ ಒರಟುತನ ಇಳಿಯುತ್ತದೆ. ಅದಕ್ಕೆ ಇನ್ನೊಂದು ಎಲೆ ಸೇರಿಸುತ್ತೇನೆ. ಹೆಸರು ನನ್ನಲ್ಲೇ ಇರಲಿ.

ನಾನು ತಂದಾಗ ಮದ್ದಿನ 100 ಮಿ.ಲೀ. ಬಾಟಲಿಗೆ 250–300 ರೂ. ಇತ್ತು, ಸಲಕ್ಕೆ ಹೆಚ್ಚೆಂದರೆ 30 ರೂ. ಮದ್ದು. ಕೂಲಿ ಸೇರಿ 150 ತೆಗೆದುಕೊಳ್ಳುತ್ತೇನೆ, ಮೊದಲ ಎರಡು ಸಲ ಮಾತ್ರ ಅಂಗಡಿಯಲ್ಲಿ. ತಿಳಿಯಾದ ಮೇಲೆ ಎರಡು ವಾರಕ್ಕೊಮ್ಮೆ ಮನೆಯಲ್ಲೇ ಸಾಕು. ಜೂನ್ ಹಿಡಿದ ಮೇಲೆ ವಾರಕ್ಕೊಮ್ಮೆ.