ರೂಟರ್ ಬದಲಾಯಿಸಲು ಹೋಗಿ ವೈರ್ ಹಿಂದೆ ಬಿದ್ದ ಕತೆ

ನಮ್ಮ ಆಫೀಸಿನಲ್ಲಿ 28 ಜನ. ನೆಟ್‌ವರ್ಕ್ ನೋಡಿಕೊಳ್ಳಲು ಅಂತ ಯಾರೂ ಇಲ್ಲ. ನನ್ನ ಕೆಲಸ ಬೇರೆಯದೇ, ಆದರೆ ಯಾವಾಗಲೋ ಒಮ್ಮೆ ಪ್ರಿಂಟರ್ ಸರಿ ಮಾಡಿಕೊಟ್ಟ ತಪ್ಪಿಗೆ ಅಂದಿನಿಂದ ಪ್ಲಗ್ ಇರುವ ವಸ್ತುವೆಲ್ಲ ನನ್ನ ಪಾಲಿಗೇ ಬಂದಿದೆ. ಬೆಳಗ್ಗೆ 11 ಆದರೆ ಸಾಕು, ವಿಡಿಯೊ ಕಾಲ್‌ನಲ್ಲಿ ಮುಖಗಳು ಫೋಟೊ ಥರ ನಿಂತುಬಿಡುತ್ತಿದ್ದವು, ಮಾತು ತುಂಡುತುಂಡಾಗಿ ಬರುತ್ತಿತ್ತು. ಲೈನ್ ಇರುವುದು 300 ಎಂಬಿಪಿಎಸ್. ಟೆಸ್ಟ್ ಮಾಡಿದರೆ 93, 94. ಅದಕ್ಕಿಂತ ಮೇಲೆ ಹೋಗಿದ್ದನ್ನು ನಾನು ಕಂಡೇ ಇರಲಿಲ್ಲ. ಬಾಸ್ ಹೇಳಿದ್ದು ಒಂದೇ ಮಾತು: "ಹಳೇದನ್ನ ಕಿತ್ತುಹಾಕಿ, ಒಳ್ಳೇ ರೂಟರ್ ತಗೊಳ್ಳಿ, ಕೊಂಬು ಜಾಸ್ತಿ ಇರೋದು." ಕೊಂಬು ಅಂದರೆ ಆಂಟೆನಾ.

ಮನೆಗಾದರೆ ಕೊಂಬು ಎಣಿಸಿ ಕೊಂಡರೂ ನಡೆಯುತ್ತದೆ. ಮನೆಯ ಆ ಒಂದು ಡಬ್ಬಿ ಮೂರು ಕೆಲಸ ಮಾಡುತ್ತಿರುತ್ತದೆ. ಹೊರಗಿನ ಇಂಟರ್‌ನೆಟ್ಟಿಗೂ ಒಳಗಿನ ಮಷೀನುಗಳಿಗೂ ನಡುವೆ ನಿಲ್ಲುವ ರೂಟರ್ ಅದೇ, ವೈರುಗಳನ್ನು ಕೂಡಿಸುವ ಸ್ವಿಚ್ ಅದೇ, ವೈಫೈ ಕೊಡುವ ಆಕ್ಸೆಸ್ ಪಾಯಿಂಟೂ ಅದೇ. ನಮ್ಮಲ್ಲಿ ಲ್ಯಾಪ್‌ಟಾಪು, ಫೋನು, ಎರಡು ಪ್ರಿಂಟರ್, ಕ್ಯಾಮೆರಾ ಎಲ್ಲ ಸೇರಿಸಿ ಎಣಿಸಿದರೆ 70 ದಾಟಿತು. ಇಷ್ಟಕ್ಕೂ ಮೂಲೆಯಲ್ಲಿ ಕೂತ ಒಂದು ಡಬ್ಬಿ ಸಾಲದು ಅನಿಸಿ ಮೂರನ್ನೂ ಬೇರೆ ಬೇರೆಯಾಗಿಯೇ ತರಿಸಿದೆ: ವೈಫೈ ಇಲ್ಲದ ರೂಟರ್ ಒಂದು, 24 ಪೋರ್ಟಿನ ಪಿಒಇ ಸ್ವಿಚ್ ಒಂದು, ಆಕ್ಸೆಸ್ ಪಾಯಿಂಟ್ ಎರಡು. ಪಿಒಇ ಇದ್ದರೆ ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟೂ ಹೋಗುತ್ತದೆ, ಸೀಲಿಂಗಿನಲ್ಲಿ ಬೇರೆ ಪ್ಲಗ್ ಪಾಯಿಂಟ್ ಬೇಡ. ಅದರಲ್ಲೂ 802.3ಎಎಫ್ ಅನ್ನುವ ಸ್ಟ್ಯಾಂಡರ್ಡ್ ಅಂದರೆ ಪೋರ್ಟಿಗೆ 15.4 ವ್ಯಾಟ್, 802.3ಎಟಿ ಅಂದರೆ 30 ವ್ಯಾಟ್. ಆಕ್ಸೆಸ್ ಪಾಯಿಂಟ್ ಯಾವುದನ್ನು ಕೇಳುತ್ತದೆ ಅಂತ ನೋಡಿಕೊಂಡು ಸ್ವಿಚ್ ಆರಿಸಿ. ಹೊಸ ರೂಟರ್ ನೋಡಿ ಬಾಸ್‌ಗೆ ಸ್ವಲ್ಪ ಬೇಜಾರಾಯಿತು. ಅದಕ್ಕೆ ಒಂದೂ ಕೊಂಬಿರಲಿಲ್ಲ.

ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ಶುರು ಮಾಡಿದೆ. ಇಂಟರ್‌ನೆಟ್ ಕಂಪನಿಯವರ ಫೈಬರ್ ಡಬ್ಬಿಯಿಂದ ಹಳೆ ರೂಟರ್‌ಗೆ ಬರುತ್ತಿದ್ದ ವೈರನ್ನು ಕಿತ್ತು ಹೊಸದರ ವ್ಯಾನ್ ಪೋರ್ಟಿಗೆ, ಅಂದರೆ ಇಂಟರ್‌ನೆಟ್ ಒಳಬರುವ ತೂತಿಗೆ, ಹಾಕಿದೆ. ಲೈಟು ಹತ್ತಿತು, ನೆಟ್ ಬರಲಿಲ್ಲ. ನೆಟ್‌ವರ್ಕಿನಲ್ಲಿ ಪ್ರತಿ ಮಷೀನಿಗೂ ಐಪಿ ಅಡ್ರೆಸ್ ಅಂತ ಒಂದು ನಂಬರ್ ಇರುತ್ತದೆ. ಫೈಬರ್ ಡಬ್ಬಿಯ ಅಡ್ರೆಸ್ 192.168.1.1, ನನ್ನ ಹೊಸ ರೂಟರಿನದೂ 192.168.1.1. ಎರಡೂ ಬದಿಯಲ್ಲಿ ಒಂದೇ ನೆಟ್‌ವರ್ಕ್ ಕಂಡರೆ ಪಾಪ ರೂಟರ್ ಯಾವ ಕಡೆಗೆ ಅಂತ ಕಳಿಸಬೇಕು?

ಒಳಗಿನ ನೆಟ್‌ವರ್ಕನ್ನು 10.47.20 ಅಂತ ಶುರುವಾಗುವ ಅಡ್ರೆಸ್‌ಗಳಿಗೆ ಬದಲಾಯಿಸಿದೆ. ಈ ವಿಚಿತ್ರ ನಂಬರ್ ಸುಮ್ನೆ ಆರಿಸಿದ್ದಲ್ಲ. ನಮ್ಮಲ್ಲಿ ಕೆಲವರು ಮನೆಯಿಂದ ವಿಪಿಎನ್ (ಇಂಟರ್‌ನೆಟ್ ಮೂಲಕ ಆಫೀಸಿನ ನೆಟ್‌ವರ್ಕಿಗೆ ಗುಪ್ತ ದಾರಿ) ಹಾಕಿಕೊಂಡು ಕೆಲಸ ಮಾಡುತ್ತಾರೆ. ಹೆಚ್ಚಿನ ಮನೆಗಳ ರೂಟರ್ 192.168.0 ಅಥವಾ 192.168.1ರಲ್ಲೇ ಇರುತ್ತದೆ. ಆಫೀಸೂ ಅದರಲ್ಲೇ ಇದ್ದರೆ, ಆಫೀಸಿನ ಸರ್ವರ್ ಕೇಳಿದಾಗ ಅವರ ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತಾ ಕೂರುತ್ತದೆ. ಖಾಸಗಿ ಬಳಕೆಗೆ ಅಂತ 10ರಿಂದ ಶುರುವಾಗುವ ಇಡೀ ಸಾಲು, 172.16ರಿಂದ 172.31ರವರೆಗೆ, ಮತ್ತು 192.168 ಅಂತ ಮೂರು ಜಾಗ ಬಿಟ್ಟಿದ್ದಾರೆ. ಅದರಲ್ಲಿ ಯಾರೂ ಬಳಸದ ಮೂಲೆಯೊಂದನ್ನು ಹಿಡಿಯಿರಿ. ಮೊದಲ ದಿನವೇ ಹಿಡಿಯಿರಿ, ಆಮೇಲೆ ಬದಲಾಯಿಸುವುದು ದೊಡ್ಡ ತಲೆನೋವು.

ನೆಟ್ ಬಂತು. ಆದರೆ ಈಗ ಎರಡು ಕಡೆ ನ್ಯಾಟ್, ಅಂದರೆ ಒಳಗಿನ ಅಡ್ರೆಸ್‌ಗಳನ್ನು ಹೊರಗಿನ ಒಂದು ಅಡ್ರೆಸಿಗೆ ಬದಲಿಸುವ ಕೆಲಸ, ನಡೆಯುತ್ತಿತ್ತು, ಒಮ್ಮೆ ಫೈಬರ್ ಡಬ್ಬಿಯಲ್ಲಿ, ಮತ್ತೊಮ್ಮೆ ನನ್ನ ರೂಟರಿನಲ್ಲಿ. ಬ್ರೌಸಿಂಗಿಗೆ ತೊಂದರೆ ಕಾಣುವುದಿಲ್ಲ, ಹೊರಗಿನಿಂದ ಒಳಗೆ ಬರುವ ವಿಪಿಎನ್ ಮಾತ್ರ ಮೊದಲ ಬಾಗಿಲಲ್ಲೇ ನಿಂತುಬಿಡುತ್ತದೆ. ಫೈಬರ್ ಡಬ್ಬಿಯನ್ನು ಬ್ರಿಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಕೆಲಸಕ್ಕೆ) ಹಾಕಿಸಿ, ಪಿಪಿಪಿಒಇ, ಅಂದರೆ ಇಂಟರ್‌ನೆಟ್ ಕಂಪನಿಯ ಜೊತೆ ಆಗುವ ಲಾಗಿನ್, ನನ್ನ ರೂಟರಿನಿಂದಲೇ ಆಗುವಂತೆ ಮಾಡುವುದು ಇದಕ್ಕೆ ಸರಿಯಾದ ದಾರಿ. ಅದಕ್ಕೆ ಯೂಸರ್‌ನೇಮ್, ಪಾಸ್‌ವರ್ಡ್ ಬೇಕು. ಆಫೀಸಿನಲ್ಲಿ ಯಾರ ಬಳಿಯೂ ಇರಲಿಲ್ಲ. ಫೈಬರ್ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿಗಳು. ಶನಿವಾರ ಬೆಳಗ್ಗೆ ಫೋನ್ ಹಿಡಿದು ಕೂತು, ಪಾಸ್‌ವರ್ಡ್ ಹೊಸದಾಗಿ ಮಾಡಿಸಿ, ವ್ಯಾನ್ ಕಡೆ ಹಾಕಬೇಕಾದ ವಿಎಲ್ಯಾನ್ (ಒಂದೇ ವೈರಿನಲ್ಲಿ ಹೋಗುವ ಬೇರೆ ಬೇರೆ ನೆಟ್‌ವರ್ಕ್‌ಗಳನ್ನು ಗುರುತಿಸುವ) ನಂಬರ್ ಕೇಳಿ ಬರೆದುಕೊಂಡೆ. ಆ ನಂಬರ್ ತಪ್ಪಿದರೆ ಉಳಿದದ್ದೆಲ್ಲ ಸರಿ ಇದ್ದರೂ ಲಾಗಿನ್ ಆಗುವುದಿಲ್ಲ. ಇದನ್ನೆಲ್ಲ ಹಳೆಯದನ್ನು ಕೀಳುವ ಮೊದಲೇ ಕೇಳಿಟ್ಟುಕೊಳ್ಳಬೇಕಿತ್ತು, ಜೊತೆಗೆ ಹಳೆ ರೂಟರಿನ ಒಂದೊಂದು ಪುಟದ ಫೋಟೊ ತೆಗೆದಿಟ್ಟುಕೊಳ್ಳಬೇಕಿತ್ತು. ಎರಡನ್ನೂ ಮಾಡಿರಲಿಲ್ಲ.

ಆಮೇಲೊಂದು ಸ್ವಂತ ಜಾಣತನ. ರೂಟರ್ ತಾನಾಗಿಯೇ ಎಂಟಿಯು (ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ತುಂಡು, ಹೆಚ್ಚೆಂದರೆ ಎಷ್ಟು ಬೈಟ್ ಇರಬಹುದು ಅನ್ನುವ ಮಿತಿ) 1492 ಅಂತ ಹಾಕಿಕೊಂಡಿತ್ತು. 1500 ಇರಬೇಕಲ್ವಾ ಅಂತ ನಾನು ತಿದ್ದಿದೆ. ಅಲ್ಲಿಂದ ಶುರುವಾಯಿತು ಮಜಾ: ಕೆಲವು ಸೈಟ್ ಪಟ್ ಅಂತ ತೆರೆಯುತ್ತದೆ, ಕೆಲವು ಅರ್ಧ ಬಂದು ನಿಲ್ಲುತ್ತದೆ, ಸಣ್ಣ ಮೇಲ್ ಹೋಗುತ್ತದೆ, ಅಟ್ಯಾಚ್‌ಮೆಂಟ್ ಹೋಗುವುದಿಲ್ಲ. ಸೈಟಿನ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಡಿಎನ್ಎಸ್ ಮೇಲೆ ಅನುಮಾನಪಟ್ಟು ಒಂದು ಗಂಟೆ ಕಳೆದೆ. ಪಿಪಿಪಿಒಇ ಪ್ರತಿ ಪ್ಯಾಕೆಟ್ಟಿನಲ್ಲೂ ತನಗೆ ಅಂತ 8 ಬೈಟ್ ಇಟ್ಟುಕೊಳ್ಳುತ್ತದೆ, 1500ರಲ್ಲಿ 8 ಹೋದರೆ 1492, ಅಷ್ಟೇ ಲೆಕ್ಕ. ಪ್ಯಾಕೆಟ್ ತುಂಡು ಮಾಡಬೇಡ ಅನ್ನುವ ಆಯ್ಕೆ ಕೊಟ್ಟು ಪಿಂಗ್ ಮಾಡಿ (ಪರೀಕ್ಷೆಗೆ ಪ್ಯಾಕೆಟ್ ಕಳಿಸಿ) ನೋಡಿದರೆ 1464 ಬೈಟ್ ಹೋಯಿತು, 1465 ಹೋಗಲಿಲ್ಲ. 1464ಕ್ಕೆ ಹೆಡರ್‌ಗಳ, ಅಂದರೆ ಪ್ಯಾಕೆಟ್ಟಿನ ವಿಳಾಸದ ಭಾಗದ, 28 ಸೇರಿಸಿ, 1492 ಬರುತ್ತದೆ. ಯಂತ್ರಕ್ಕೆ ಗೊತ್ತಿದ್ದದ್ದನ್ನು ನಾನು ಕೆಡಿಸಿದ್ದೆ.

ಇಷ್ಟಾದ ಮೇಲೆ ಸ್ಪೀಡ್ ಟೆಸ್ಟ್ ಮಾಡಿದೆ. 94.

ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಹೊಸ ರೂಟರ್, ಹೊಸ ಸ್ವಿಚ್, ಅದೇ 94. ಆಗ ಹೊಳೆಯಿತು, ಇಷ್ಟರಲ್ಲಿ ಬದಲಾಗದೆ ಉಳಿದದ್ದು ಫೈಬರ್ ಡಬ್ಬಿಯಿಂದ ಬರುವ ವೈರ್ ಒಂದೇ. ಕೇಬಲ್ ಟೆಸ್ಟರ್ ಹಾಕಿದರೆ 7 ಮತ್ತು 8ನೇ ಲೈಟು ಹತ್ತಲಿಲ್ಲ, ಕಂದು ಜೋಡಿ ಕಡಿದಿತ್ತು. ಈ ಕೇಬಲಿನಲ್ಲಿ ನಾಲ್ಕು ಜೋಡಿ ತಂತಿ ಇರುತ್ತವೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, 1 ಜಿಬಿಪಿಎಸ್‌ಗೆ ನಾಲ್ಕೂ ಬೇಕು. ಒಂದು ಜೋಡಿ ಕಡಿದರೆ ಎರಡೂ ತುದಿಯ ಪೋರ್ಟುಗಳು ಮಾತಾಡಿಕೊಂಡು 100ಕ್ಕೆ ಇಳಿದುಬಿಡುತ್ತವೆ, ಲೈಟು ಹತ್ತಿಯೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. 100ರ ಲಿಂಕಿನಲ್ಲಿ ಹೆಡರ್‌ಗಳ ಪಾಲು ಕಳೆದು ಕೈಗೆ ಸಿಗುವುದು ಹೆಚ್ಚುಕಡಿಮೆ 94. ಎಲ್ಲಾದರೂ ಈ ಅಂಕಿ ಕಂಡರೆ ಮೊದಲು ವೈರ್ ನೋಡಿ.

ತುದಿ ಕತ್ತರಿಸಿ ಹೊಸ ಕನೆಕ್ಟರ್ ಒತ್ತಿ ಕೂರಿಸಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಎರಡೂ ತುದಿಯಲ್ಲಿ ಇದೇ ಸಾಲು. ಹಸಿರಿನ ಎರಡು ತಂತಿಗಳ ನಡುವೆ ನೀಲಿ ಬರುವುದನ್ನು ಕಂಡು ತಪ್ಪು ಅನಿಸಿ ಒಟ್ಟಿಗೆ ಜೋಡಿಸಬೇಡಿ, ಅದು ಹಾಗೇ ಇರಬೇಕು. ಮೊದಲ ಸಲ ನಾನು ಹಾಗೇ ಮಾಡಿ ಒಂದು ಕನೆಕ್ಟರ್ ಹಾಳು ಮಾಡಿದೆ. ಸರಿ ಮಾಡಿದ ಮೇಲೆ 290ರ ಮೇಲೆ ಬಂತು. ಹೊಸ ರೂಟರ್ ಬೇಕೇ ಇರಲಿಲ್ಲವೇನೋ ಅನ್ನುವ ಮಾತನ್ನು ಬಾಸ್‌ಗೆ ಹೇಳಲು ನನಗೆ ಒಂದು ವಾರ ಬೇಕಾಯಿತು.

ಭಾನುವಾರ ಆಕ್ಸೆಸ್ ಪಾಯಿಂಟ್‌ಗಳನ್ನು ಸೀಲಿಂಗಿಗೆ ಹಾಕಿ, ರ‍್ಯಾಕ್ ಹತ್ತಿರ ಸುಮ್ಮನೆ ನೇತಾಡುತ್ತಿದ್ದ ವೈರುಗಳನ್ನೆಲ್ಲ, 24 ಪೋರ್ಟ್ ಇದೆಯಲ್ಲ ಅಂತ, ಹೊಸ ಸ್ವಿಚ್ಚಿಗೆ ಚುಚ್ಚಿ ಖುಷಿಯಾಗಿ ಮನೆಗೆ ಹೋದೆ.

ಸೋಮವಾರ 9 ಗಂಟೆಗೆ ಅರ್ಧ ಆಫೀಸಿಗೆ ನೆಟ್ ಇಲ್ಲ. ಪಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರಿಗೆ ಇದೆ, ಇನ್ನೊಬ್ಬರಿಗಿಲ್ಲ. ಅಕೌಂಟ್ಸ್ ಮೇಡಂ ಅಂತೂ "ಹಳೇದೇ ಚೆನ್ನಾಗಿತ್ತು ಬಿಡಿ" ಅಂದರು. ನೆಟ್ ಇಲ್ಲದ ಮಷೀನಿನಲ್ಲಿ ಐಪಿ ನೋಡಿದರೆ 192.168.0.14. ಈ ನಂಬರ್ ನಾನು ಎಲ್ಲೂ ಕೊಟ್ಟೇ ಇಲ್ಲ! ಅಂದರೆ ಆಫೀಸಿನೊಳಗೆ ಇನ್ನೊಂದು ಡಿಎಚ್‌ಸಿಪಿ ಸರ್ವರ್ ಕೂತು ಅಡ್ರೆಸ್ ಹಂಚುತ್ತಿದೆ. ಮಷೀನುಗಳು ಸಾಮಾನ್ಯವಾಗಿ ಯಾರು ಮೊದಲು ಉತ್ತರ ಕೊಡುತ್ತಾರೋ ಅವರ ಮಾತನ್ನೇ ಕೇಳುತ್ತವೆ, ಅದಕ್ಕೇ ಈ ಅರ್ಧಂಬರ್ಧ.

ಹುಡುಕಿದ್ದು ಹೀಗೆ. ಆ ಮಷೀನಿನಲ್ಲಿ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 192.168.0.1 ಅಂತ ಇತ್ತು. ಎಆರ್‌ಪಿ ಕಮಾಂಡ್ ಕೊಟ್ಟು ಅದರ ಮ್ಯಾಕ್ ಅಡ್ರೆಸ್, ಅಂದರೆ ಆ ಯಂತ್ರದ ಗುರುತಿನ ನಂಬರ್, ತೆಗೆದೆ. ಸ್ವಿಚ್ಚಿನ ಮ್ಯಾಕ್ ಟೇಬಲಿನಲ್ಲಿ ಅದು ಯಾವ ಪೋರ್ಟಿನಿಂದ ಬರುತ್ತಿದೆ ನೋಡಿದೆ. 17. ಪೋರ್ಟ್ 17ರ ವೈರ್ ಕಿತ್ತೆ, ಎಲ್ಲರ ಮಷೀನೂ ಒಮ್ಮೆ ರೀಸ್ಟಾರ್ಟ್ ಮಾಡಿಸಿದೆ, ಸರಿಹೋಯಿತು. ವೈರ್ ಎಲ್ಲಿಗೆ ಹೋಗುತ್ತದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ, ಒಂದಕ್ಕೂ ಲೇಬಲ್ ಇಲ್ಲ. ಮಧ್ಯಾಹ್ನ ಕೈಯಿಂದ ವೈರ್ ಎಳೆಯುತ್ತಾ ಹೋದರೆ ಫೈಲ್ ಬೀರುವಿನ ಹಿಂದೆ, ಒಂದು ಬೆರಳು ದಪ್ಪ ಧೂಳಿನ ಕೆಳಗೆ, ಹಳೆ ಮನೆ ರೂಟರೊಂದು ಹಸಿರು ಲೈಟ್ ಮಿಣುಕಿಸುತ್ತಾ ಕೂತಿತ್ತು. ಯಾರೋ ಯಾವ ಕಾಲದಲ್ಲೋ ಟೆಸ್ಟಿಂಗಿಗೆ ಇಟ್ಟದ್ದು. ವೈರ್ ಅದರ ಲ್ಯಾನ್ ಪೋರ್ಟಿನಲ್ಲಿತ್ತು, ಅಂದರೆ ಅದು ಅಡ್ರೆಸ್ ಹಂಚುವ ಬದಿಯಲ್ಲಿ. ಇಷ್ಟು ದಿನ ಈಚೆ ತುದಿ ನೇತಾಡುತ್ತಿದ್ದರಿಂದ ತೊಂದರೆ ಇರಲಿಲ್ಲ. ಚುಚ್ಚಿದವನು ನಾನೇ.

ಆ ದಿನ ಸಂಜೆ ಕೂತು 24 ವೈರಿಗೂ ಎರಡೂ ತುದಿಯಲ್ಲಿ ನಂಬರ್ ಅಂಟಿಸಿದೆ. ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಅನ್ನುವ ಆಯ್ಕೆ ಇತ್ತು, ಹಾಕಿದೆ. ರೂಟರ್ ಇರುವ ಪೋರ್ಟ್ ಬಿಟ್ಟು ಬೇರೆಲ್ಲಿಂದಲೂ ಅಡ್ರೆಸ್ ಹಂಚಲು ಅದು ಬಿಡುವುದಿಲ್ಲ. ಡೇಟಾ ಸುತ್ತುತ್ತಲೇ ಇರುವ ಲೂಪ್ ತಡೆಯುವ ಎಸ್‌ಟಿಪಿಯನ್ನೂ ಹಾಕಿಡಿ. ಒಂದೇ ವೈರಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಚುಚ್ಚುವ ಪುಣ್ಯಾತ್ಮ ಎಲ್ಲ ಆಫೀಸಿನಲ್ಲೂ ಒಬ್ಬನಿರುತ್ತಾನೆ, ನಮ್ಮಲ್ಲಿ ಅವನು ನಾನೇ ಆಗುವ ಸಾಧ್ಯತೆ ಜಾಸ್ತಿ.

ಅಡ್ರೆಸ್ ಹಂಚಿಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಡ್ರೆಸಿನ ಕೊನೆಯ ನಂಬರ್ 1 ರೂಟರಿಗೆ, 2ರಿಂದ 9 ಸ್ವಿಚ್ ಮತ್ತು ಆಕ್ಸೆಸ್ ಪಾಯಿಂಟಿಗೆ, 10ರಿಂದ 49 ಪ್ರಿಂಟರ್, ಕ್ಯಾಮೆರಾ, ಸರ್ವರಿಗೆ, 100ರಿಂದ 240 ಉಳಿದ ಎಲ್ಲರಿಗೆ. ಪ್ರಿಂಟರಿನೊಳಗೆ ಹೋಗಿ ಐಪಿ ಬರೆಯುವ ಬದಲು ರೂಟರಿನಲ್ಲೇ ಅದರ ಮ್ಯಾಕ್ ಅಡ್ರೆಸಿಗೆ ಕಾಯಂ ಮಾಡಿಟ್ಟೆ. ಅತಿಥಿಗಳಿಗೆ ಬೇರೆ ವಿಎಲ್ಯಾನ್, ಬೇರೆ ವೈಫೈ ಹೆಸರು. ಅಲ್ಲಿಂದ ನಮ್ಮ ಮಷೀನುಗಳು ಕಾಣುವುದಿಲ್ಲ. ಅಲ್ಲಿ ಲೀಸ್ (ಒಂದು ಅಡ್ರೆಸ್ ಒಬ್ಬರ ಹೆಸರಿನಲ್ಲಿ ಉಳಿಯುವ ಸಮಯ) ಎರಡೇ ಗಂಟೆ. ಈಗಿನ ಫೋನುಗಳು ನಿಜವಾದ ಮ್ಯಾಕ್ ಅಡ್ರೆಸ್ ಬದಲು ಸುಳ್ಳು ಅಡ್ರೆಸ್ ತೋರಿಸುತ್ತವೆ, ಕೆಲವು ಅದನ್ನು ಆಗಾಗ ಬದಲಿಸುತ್ತವೆ ಕೂಡ. ಲೀಸ್ ಉದ್ದ ಇಟ್ಟರೆ ಎದ್ದುಹೋದವರ ಹೆಸರಿನಲ್ಲೇ ಅಡ್ರೆಸ್ಸೆಲ್ಲ ಖಾಲಿಯಾಗುತ್ತದೆ.

ವೈಫೈನಲ್ಲಿ ಒಂದು ವಿಷಯ ನನಗೆ ಉಲ್ಟಾ ಅನಿಸಿತು: ಪವರ್ ಕಮ್ಮಿ ಮಾಡಿದರೆ ಚೆನ್ನಾಗಿ ನಡೆಯುತ್ತದೆ. ಎರಡೂ ಆಕ್ಸೆಸ್ ಪಾಯಿಂಟ್ ಫುಲ್ ಪವರ್‌ನಲ್ಲಿ ಕೂಗುತ್ತಿದ್ದರೆ, ಆ ತುದಿಗೆ ಹೋದ ಲ್ಯಾಪ್‌ಟಾಪೂ ಈ ತುದಿಯದನ್ನೇ ಹಿಡಿದುಕೊಂಡು ಬಿಡುವುದಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 11, ಅಗಲ 20 ಮೆಗಾಹರ್ಟ್ಸ್, ಪವರ್ ಕಡಿಮೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದೇ ಮೂರು: 1, 6, 11. ಮಧ್ಯದ 3, 4 ಹಾಕಿದರೆ ಎರಡೂ ಕಡೆಯವರ ಜೊತೆ ಜಗಳ. ಲ್ಯಾಪ್‌ಟಾಪುಗಳೆಲ್ಲ 5 ಗಿಗಾಹರ್ಟ್ಸ್‌ಗೆ ಹೋದವು. ವೈಫೈ ಭದ್ರತೆಗೆ ಹೊಸ ಬಗೆಯ ಡಬ್ಲ್ಯುಪಿಎ3 ಮಾತ್ರ ಇಡಬೇಕು ಅಂತ ಆಸೆ ಇತ್ತು, ಹಳೆ ಪ್ರಿಂಟರ್ ಒಪ್ಪಲಿಲ್ಲ, ಡಬ್ಲ್ಯುಪಿಎ2 ಜೊತೆಗಿಟ್ಟೆ. ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್ನಿನಿಂದ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಇದ್ದರೆ ಮುಚ್ಚಿಬಿಡಿ. ಅದರ 8 ಅಂಕಿಯ ಪಿನ್ನನ್ನು ಎರಡು ತುಂಡಾಗಿ ಪರೀಕ್ಷಿಸುವ ದೋಷದಿಂದ ಬರೀ 11,000 ಪ್ರಯತ್ನದಲ್ಲಿ ಊಹಿಸಬಹುದು ಅಂತ 2011ರಲ್ಲೇ ಬಯಲಾಗಿತ್ತು.

ಅಡ್ಮಿನ್ ಪಾಸ್‌ವರ್ಡ್ ಬದಲಿಸುವುದು, ಫರ್ಮ್‌ವೇರ್ (ರೂಟರಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್, ಹೊರಗಿನಿಂದ ಅಡ್ಮಿನ್ ಪುಟ ತೆರೆಯುವುದನ್ನು ನಿಲ್ಲಿಸುವುದು, ಮಷೀನುಗಳು ತಾವಾಗಿಯೇ ಹೊರಗಿನ ಬಾಗಿಲು ತೆರೆಸಿಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡುವುದು, ಇವೆಲ್ಲ ಹತ್ತು ನಿಮಿಷದ ಕೆಲಸ. ನಾಳೆ ಮಾಡೋಣ ಅನ್ನುವವರಿಗೆ ಒಂದು ಮಾತು: 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ಹೊಕ್ಕಿದ್ದು ದೊಡ್ಡ ವಿದ್ಯೆಯಿಂದಲ್ಲ. ಪೆಟ್ಟಿಗೆಯಿಂದ ಬಂದ ಹಾಗೇ ಬಿಟ್ಟಿದ್ದ ಪಾಸ್‌ವರ್ಡ್‌ಗಳ ಸಣ್ಣ ಪಟ್ಟಿಯೊಂದು ಅದಕ್ಕೆ ಸಾಕಾಗಿತ್ತು.

ಇನ್ನು ಆ 11 ಗಂಟೆಯ ಸಮಸ್ಯೆ. 290 ಬಂದ ಮೇಲೂ ಅದೇ ಹೊತ್ತಿಗೆ ಕಾಲ್ ತಡವರಿಸುವುದು ಪೂರ್ತಿ ಹೋಗಿರಲಿಲ್ಲ. ರೂಟರಿನ ಟ್ರಾಫಿಕ್ ಪುಟ ತೆರೆದು ಕಾದು ಕೂತೆ. 11ಕ್ಕೆ ಸರಿಯಾಗಿ ಅಪ್‌ಲೋಡ್ ಗೆರೆ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಅಕೌಂಟ್ಸ್ ಮಷೀನಿನ ಬ್ಯಾಕಪ್ ಕ್ಲೌಡಿಗೆ ಹೋಗುವ ಸಮಯ ಅದು. ಡೌನ್‌ಲೋಡ್ ಎಷ್ಟೇ ಖಾಲಿ ಇರಲಿ, ಅಪ್‌ಲೋಡ್ ತುಂಬಿದರೆ ಮಾತಿನ ಪ್ಯಾಕೆಟ್‌ಗಳು ಸಾಲಿನಲ್ಲಿ ಹಿಂದೆ ನಿಲ್ಲಬೇಕಾಗುತ್ತದೆ. ಬ್ಯಾಕಪ್ಪನ್ನು ರಾತ್ರಿ 10ಕ್ಕೆ ಹಾಕಿದೆ. ಜೊತೆಗೆ ರೂಟರಿನಲ್ಲಿ ಅಪ್‌ಲೋಡ್ ಮಿತಿಯನ್ನು ಲೈನಿನ 90 ಪರ್ಸೆಂಟಿಗೆ ಇಟ್ಟೆ, ಆಗ ಸಾಲು ಕಂಪನಿಯ ಡಬ್ಬಿಯಲ್ಲಿ ಬೆಳೆಯದೆ ನನ್ನ ರೂಟರಿನಲ್ಲೇ ಇರುತ್ತದೆ, ಯಾರನ್ನು ಮುಂದೆ ಬಿಡಬೇಕು ಅನ್ನುವುದು ನಮ್ಮ ಕೈಯಲ್ಲಿರುತ್ತದೆ.

ಕೊನೆಗೆ ಉಳಿದದ್ದು ಕರೆಂಟು. ಮೊದಲು ರೂಟರ್ ಒಂದನ್ನೇ ಯುಪಿಎಸ್‌ಗೆ ಹಾಕಿದ್ದೆ, ಎಂಥ ಬುದ್ಧಿ. ಫೈಬರ್ ಡಬ್ಬಿ ಆರಿದ ಮೇಲೆ ರೂಟರ್ ಉರಿದು ಏನು ಪ್ರಯೋಜನ? ಸಾಲದ್ದಕ್ಕೆ ಕರೆಂಟು ಬಂದ ಮೇಲೂ ಲಾಗಿನ್ ಆಗಲು ನಾಲ್ಕೈದು ನಿಮಿಷ ಹಿಡಿಯುತ್ತಿತ್ತು, ಆ ಕಡೆಯವರ ಲೆಕ್ಕದಲ್ಲಿ ಹಳೆ ಸೆಷನ್ ಇನ್ನೂ ಮುಗಿದಿರುತ್ತಿರಲಿಲ್ಲ. ಈಗ ಫೈಬರ್ ಡಬ್ಬಿ, ರೂಟರ್, ಸ್ವಿಚ್ ಮೂರೂ ಒಂದೇ ಯುಪಿಎಸ್ ಮೇಲಿವೆ. ಪಿಒಇ ಇರುವುದರಿಂದ ಆಕ್ಸೆಸ್ ಪಾಯಿಂಟೂ ಅದರಲ್ಲೇ ಬಂದವು. ರೂಟರಿನ ಸೆಟ್ಟಿಂಗ್ ಫೈಲನ್ನು ಇಳಿಸಿ ಎರಡು ಕಡೆ ಇಟ್ಟಿದ್ದೇನೆ. ಪಿಪಿಪಿಒಇ ಯೂಸರ್‌ನೇಮ್, ವಿಎಲ್ಯಾನ್ ನಂಬರ್, ಯಾವ ಪೋರ್ಟಿನ ವೈರ್ ಯಾವ ಮೇಜಿಗೆ ಅನ್ನುವುದೆಲ್ಲ ರ‍್ಯಾಕ್ ಬಾಗಿಲಿನ ಒಳಗೆ ಅಂಟಿಸಿದ ಹಾಳೆಯಲ್ಲಿದೆ. ಪಾಸ್‌ವರ್ಡ್ ಮಾತ್ರ ಅಲ್ಲಿಲ್ಲ, ಅದು ಬಾಸ್ ಬಳಿ ಮುಚ್ಚಿದ ಲಕೋಟೆಯಲ್ಲಿದೆ. 17ರ ಮುಂದೆ "ಬೀರು ಹಿಂದೆ, ಚುಚ್ಚಬೇಡಿ" ಅಂತ ಬರೆದಿದ್ದೇನೆ.