ಕರಾವಳಿಯ ಮಳೆಗಾಲಕ್ಕೆ ನನ್ನ ಡ್ರೈ ಬಾಕ್ಸ್: ಲೆನ್ಸು, ಫಿಲಮೆಂಟು ಮತ್ತು ತೇವದ ಲೆಕ್ಕ

ಜೂನ್ ಶುರುವಾಯಿತೆಂದರೆ ಸೆಪ್ಟೆಂಬರ್ ಮುಗಿಯುವವರೆಗೆ ಸುರತ್ಕಲ್ ಕಡೆಯ ಬಾಡಿಗೆ ಕೋಣೆಗಳಲ್ಲಿ ತೇವಾಂಶ ಬಹುತೇಕ ಶೇ 85–90ರಲ್ಲೇ ನಿಂತಿರುತ್ತದೆ. ಶೇ 65–70 ದಾಟಿ ಕೆಲವು ವಾರ ಹಾಗೇ ಇದ್ದರೆ ಸಾಕು, ಕ್ಯಾಮೆರಾ ಲೆನ್ಸಿನೊಳಗೆ ಫಂಗಸ್ ಬೇರೂರುತ್ತದೆ. ಅದು ಬಿಡುವ ಆಮ್ಲ ಗಾಜಿನ ಕೋಟಿಂಗನ್ನೇ ತಿಂದರೆ ಆಮೇಲೆ ಎಷ್ಟು ಒರೆಸಿದರೂ ಕಲೆ ಹೋಗದು. 3ಡಿ ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆಯಾದ ಫಿಲಮೆಂಟ್‌ಗೂ ಇದೇ ಕಾಲ ಶತ್ರು. ಎರಡನ್ನೂ ಉಳಿಸಲು ನಾನು ಇಟ್ಟುಕೊಂಡಿರುವುದು 20 ಲೀಟರಿನ ಎರಡು ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಹರಳು, ತೇವಾಂಶ ಅಳೆಯುವ ಒಂದು ಸೆನ್ಸರ್ ಮತ್ತು ಅಡುಗೆಮನೆಯ ತೂಕದ ಯಂತ್ರ. ಇವುಗಳಲ್ಲಿ ತೂಕದ ಯಂತ್ರವೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ: ಜೆಲ್ ಎಷ್ಟು ನೀರು ಕುಡಿದಿದೆ ಎಂದು ಹೇಳುವುದು ಅದೇ.

ಯಾಕೆಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 27 ಗ್ರಾಂ ನೀರಾವಿ ಹಿಡಿಯುತ್ತದೆ. ಶೇ 90 ತೇವಾಂಶವೆಂದರೆ ಸುಮಾರು 24.5 ಗ್ರಾಂ. 20 ಲೀಟರ್ ಡಬ್ಬಿಯ ಗಾಳಿಯಲ್ಲಿ ಹಾಗಾದರೆ ಇರುವುದು ಬರೀ ಅರ್ಧ ಗ್ರಾಂ ನೀರು. 300 ಗ್ರಾಂ ಜೆಲ್‌ಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಅದೇ ಡಬ್ಬಿಯಲ್ಲಿ ಅರ್ಧ ಕಿಲೋ ತೂಗುವ ಹತ್ತಿಬಟ್ಟೆಯ ಚೀಲವಿಟ್ಟರೆ, ಅದು ಶೇ 90ರ ಗಾಳಿಯಿಂದ ಶೇ 45ಕ್ಕೆ ಒಣಗುವಾಗ 30 ಗ್ರಾಂಗೂ ಹೆಚ್ಚು ನೀರು ಬಿಡುತ್ತದೆ. ಜೆಲ್ ಒಂದೇ ವಾರದಲ್ಲಿ ಸತ್ತಿತು ಎಂದು ದೂರುವವರ ಡಬ್ಬಿಯಲ್ಲಿ ನೋಡಿದರೆ ಹೆಚ್ಚಾಗಿ ಕ್ಯಾಮೆರಾ ಬ್ಯಾಗೋ ರಟ್ಟಿನ ಪೆಟ್ಟಿಗೆಯೋ ಇರುತ್ತದೆ. ಬ್ಯಾಗು, ಬಟ್ಟೆಯ ಪಟ್ಟಿ, ರಟ್ಟು, ಕೈಪಿಡಿ ಎಲ್ಲ ಹೊರಗಿರಲಿ. ಗಾಜು, ಲೋಹ, ಪ್ಲಾಸ್ಟಿಕ್ ಮಾತ್ರ ಒಳಗೆ. ಫಿಲಮೆಂಟ್ ರಟ್ಟಿನ ಸುರುಳಿಯಲ್ಲಿ ಬಂದಿದ್ದರೆ ಆ ರಟ್ಟೂ ತೇವ ಹೀರಿರುತ್ತದೆ ಎಂಬುದು ನೆನಪಿರಲಿ.

ಡಬ್ಬಿ ಆರಿಸುವಾಗ ಮುಚ್ಚಳದ ಸುತ್ತ ರಬ್ಬರ್ ಪಟ್ಟಿ, ನಾಲ್ಕೂ ಬದಿಗೆ ಲಾಕ್ ಇರಬೇಕು. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು: ತೆಳು ಕಾಗದದ ಚೂರನ್ನು ಅಂಚಿಗಿಟ್ಟು ಮುಚ್ಚಿ ಎಳೆಯುವುದು. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಗಾಳಿಯೂ ನುಗ್ಗುತ್ತದೆ. ಮೂಲೆಗಳನ್ನು ಬಿಡದೆ ನೋಡಬೇಕು, ರಬ್ಬರ್ ಸಡಿಲವಾಗುವುದು ಅಲ್ಲೇ. ಮನೆಯಲ್ಲಿ ಇನ್ನೊಂದು ಪರೀಕ್ಷೆ. ಖಾಲಿ ಡಬ್ಬಿಯನ್ನು ಜೆಲ್ ಇಟ್ಟು ಶೇ 30ಕ್ಕೆ ಇಳಿಸಿ, ಜೆಲ್ ತೆಗೆದು, ತೇವಾಂಶ ಶೇ 60ಕ್ಕೆ ಏರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ. ಇಡೀ ದಿನ ಹಿಡಿದರೆ ದಿನಕ್ಕೆ ನುಸುಳುವ ನೀರು ಸುಮಾರು 0.2 ಗ್ರಾಂ; ಧಾರಾಳವಾಗಿ ನಡೆಯುತ್ತದೆ. ಒಂದೆರಡು ಗಂಟೆಯಲ್ಲೇ ಏರಿದರೆ ಡಬ್ಬಿ ಬದಲಿಸುವುದೇ ಲೇಸು.

ಇದಕ್ಕೆಲ್ಲ ಸೆನ್ಸರ್ ನಿಜ ಹೇಳಬೇಕಲ್ಲ. ಡಿಎಚ್‌ಟಿ11 ಎಂಬ ಸೆನ್ಸರ್ ಶೇ 5ರಷ್ಟು ಆಚೀಚೆ ಹೇಳುತ್ತದೆ, ಈ ಕೆಲಸಕ್ಕೆ ಸಾಲದು. ನಾನು ಬಳಸುವುದು ಎಸ್‌ಎಚ್‌ಟಿ31, ಅದರ ವ್ಯತ್ಯಾಸ ಶೇ 2ರ ಆಸುಪಾಸು. ಯಾವುದೇ ಇರಲಿ, ಉಪ್ಪಿನಿಂದ ಒಮ್ಮೆ ತಾಳೆ ನೋಡಲೇಬೇಕು. ಬಾಟಲಿಯ ಮುಚ್ಚಳದಲ್ಲಿ ಎರಡು ಚಮಚ ಪುಡಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ತೊಟ್ಟಿಕ್ಕಿಸಿ. ಉಪ್ಪು ಪೂರ್ತಿ ಕರಗಬಾರದು. ಅದನ್ನು ಸೆನ್ಸರ್ ಜೊತೆ ಸಣ್ಣ ಗಾಳಿಯಾಡದ ಬರಣಿಯಲ್ಲಿಟ್ಟು ರಾತ್ರಿಯಿಡೀ ಬಿಟ್ಟರೆ ಒಳಗಿನ ತೇವಾಂಶ ಶೇ 75ಕ್ಕೆ ನಿಲ್ಲುತ್ತದೆ. ಸೆನ್ಸರ್ 79 ತೋರಿಸಿದರೆ ಅದನ್ನು ಓದುವ ಕೋಡ್‌ನಲ್ಲಿ 4 ಕಳೆಯಿರಿ. ಉಪ್ಪುನೀರು ಸೆನ್ಸರಿಗೆ ತಾಗಕೂಡದು. ಕಲ್ಲುಪ್ಪು ಇದಕ್ಕೆ ಬೇಡ: ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಸೇರಿರುತ್ತದೆ, ಅದು ಶೇ 33ರಲ್ಲೇ ನೀರು ಎಳೆದುಕೊಳ್ಳತೊಡಗುವ ಲವಣ. ಆಟಿ ತಿಂಗಳಲ್ಲಿ (ತುಳುನಾಡಿನ ಜುಲೈ–ಆಗಸ್ಟ್‌ನ ತಿಂಗಳು) ಕಲ್ಲುಪ್ಪಿನ ಭರಣಿ ಅಷ್ಟು ನೀರೊಡೆಯುವುದಕ್ಕೆ ಅದೂ ಒಂದು ಕಾರಣ.

ಸೆನ್ಸರನ್ನು ಹೊರಗಿನ ಶೇ 90ರಲ್ಲಿ ದಿನಗಟ್ಟಲೆ ಬಿಟ್ಟರೆ ಅದು ತಾತ್ಕಾಲಿಕವಾಗಿ ಎರಡು ಮೂರು ಅಂಕ ಹೆಚ್ಚು ತೋರಿಸತೊಡಗುತ್ತದೆ. ಒಣ ಡಬ್ಬಿಯಲ್ಲಿದ್ದರೆ ನಿಧಾನಕ್ಕೆ ಸರಿಹೋಗುತ್ತದೆ. ತಂತಿ ಬೆಸುಗೆ ಹಾಕುವಾಗ ಫ್ಲಕ್ಸ್ (ಬೆಸುಗೆಯ ರಾಳ) ಹೊಗೆ ಸೆನ್ಸರಿಗೆ ತಾಗದಂತೆ ಟೇಪ್ ಅಂಟಿಸಿಕೊಳ್ಳಿ. ಸೆನ್ಸರ್ ಓದಿ ವೈಫೈನಲ್ಲಿ ಅಳತೆ ಕಳಿಸುವ ಪುಟ್ಟ ಇಎಸ್‌ಪಿ32 ಬೋರ್ಡ್ ಡಬ್ಬಿಯ ಹೊರಗೇ ಇರಲಿ. ವೈಫೈ ನಡೆಯುವಾಗ ಅದು ಬಿಸಿಯಾಗುತ್ತದೆ, ಸೆನ್ಸರ್ ಪಕ್ಕ ಒಂದು ಡಿಗ್ರಿ ಏರಿದರೂ ಶೇ 50 ಇದ್ದದ್ದು 47 ಎಂದು ಕಾಣುತ್ತದೆ. ನಾಲ್ಕು ತೆಳು ತಂತಿಗಳನ್ನು ಸಣ್ಣ ತೂತಿನಿಂದ ಒಳಗೆ ಬಿಟ್ಟು ತೂತಿಗೆ ಬಿಸಿ ಗ್ಲೂ ತುಂಬಿದರೆ ಸಾಕು. ತಂತಿ ಅರ್ಧ ಮೀಟರಿಗಿಂತ ಉದ್ದ ಬೇಡ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಅಳೆದು ಮಲಗುವಂತೆ ಬರೆದರೆ ಚಿಪ್ ನಿದ್ದೆಯಲ್ಲಿ 10 ಮೈಕ್ರೋಆಂಪಿಯರ್ ಅಷ್ಟೇ ಎಳೆಯುತ್ತದೆ. ಆದರೆ ಬೋರ್ಡಿನ ಮೇಲಿನ ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್ ಮತ್ತು ರೆಗ್ಯುಲೇಟರ್ ಸೇರಿ ಹಲವು ಮಿಲಿಆಂಪಿಯರ್ ನುಂಗಿದರೆ 2500 ಎಂಎಎಚ್ ಬ್ಯಾಟರಿ ಮೂರು ವಾರದಲ್ಲಿ ಖಾಲಿ. ಕರೆಂಟ್ ಹೋಗಿ ರೂಟರ್ ಸತ್ತಿದ್ದಾಗ ಅಳತೆಗಳು ಆರ್‌ಟಿಸಿ ಮೆಮೊರಿಯಲ್ಲಿ (ಚಿಪ್ ಮಲಗಿದಾಗಲೂ ಅಳಿಯದ ಸಣ್ಣ ನೆನಪು) ಕೂತಿರಲಿ, ಮಳೆಗಾಲದಲ್ಲಿ ಅದು ಬೇಕೇ ಬೇಕು.

ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದು ತನ್ನಿ. ತೇವ ಕುಡಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಬಣ್ಣವನ್ನಷ್ಟೇ ನಂಬುವ ಬದಲು ಒಣಗಿದ ಜೆಲ್ಲನ್ನು ಚೀಲಕ್ಕೆ ತುಂಬಿ ತೂಕವನ್ನು ಚೀಲದ ಮೇಲೇ ಬರೆದಿಡಿ. 300 ಗ್ರಾಂ ಇದ್ದದ್ದು 345 ಆದರೆ ಒಣಗಿಸುವ ಸಮಯ. ಪೊಟ್ಟಣದ ಮೇಲೆ ಇನ್ನೂ ಹೆಚ್ಚು ಹೀರುತ್ತದೆಂದು ಬರೆದಿರಬಹುದು. ಅದು ತುಂಬು ತೇವದ ಗಾಳಿಯ ಲೆಕ್ಕ. ನಮಗೆ ಬೇಕಾದ ಶೇ 40ರ ಹತ್ತಿರ ಅಷ್ಟು ಹಿಡಿಯುವುದಿಲ್ಲ.

ಒಣಗಿಸುವುದು ಓವನ್‌ನಲ್ಲಿ, 110ರಿಂದ 120 ಡಿಗ್ರಿ, ಎರಡು ಮೂರು ಗಂಟೆ, ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಅದಕ್ಕಿಂತ ಬಿಸಿಯಾದರೆ ಬಣ್ಣದ ಸೂಚಕ ಸುಟ್ಟು ಕಪ್ಪಾಗುತ್ತದೆ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ತೀರಾ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹುರಿಯಬಹುದು, ಆದರೆ ಆ ಬಾಣಲೆ ಇದಕ್ಕೇ ಮೀಸಲಿರಬೇಕು: ಎಣ್ಣೆಯ ಪಸೆ ಜೆಲ್‌ನ ರಂಧ್ರಗಳನ್ನು ಮುಚ್ಚುತ್ತದೆ, ಮತ್ತೆ ಅಡುಗೆಗೆ ಬಳಸುವುದೂ ತರವಲ್ಲ. ತೂಕ ಇಳಿಯುವುದು ನಿಂತಾಗ ಕೆಲಸ ಮುಗಿಯಿತು. ಬಿಸಿ ಇರುವಾಗಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ತಣಿಸಿ. ಜುಲೈಯ ಗಾಳಿಯಲ್ಲಿ ತೆರೆದಿಟ್ಟು ತಣಿಸಿದರೆ ಮತ್ತೆ ನೀರು ಕುಡಿಯುತ್ತದೆ.

ಲೆನ್ಸಿನ ಡಬ್ಬಿ ಶೇ 40–45ರಲ್ಲಿರಲಿ. ಶೇ 30ಕ್ಕಿಂತ ಕೆಳಗಿಟ್ಟರೆ ರಬ್ಬರ್ ಮತ್ತು ಗ್ರೀಸ್‌ಗೆ ಒಳ್ಳೆಯದಲ್ಲ. ಇಳಿದರೆ ಜೆಲ್ ಕಡಿಮೆ ಮಾಡಿ. ಫಿಲಮೆಂಟ್ ಡಬ್ಬಿ ಶೇ 20ಕ್ಕಿಂತ ಕೆಳಗಿದ್ದಷ್ಟೂ ಒಳ್ಳೆಯದು, ಅದಕ್ಕೇ ಎರಡು ಡಬ್ಬಿ. ಆದರೆ ಡ್ರೈ ಬಾಕ್ಸ್ ಒಣಗಿದ್ದನ್ನು ಕಾಪಾಡುತ್ತದೆಯೇ ಹೊರತು ನೆನೆದದ್ದನ್ನು ಬೇಗ ಒಣಗಿಸುವುದಿಲ್ಲ. ಪ್ರಿಂಟರಿನ ನಾಜಲ್‌ನಲ್ಲಿ (ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ) ಪಟಪಟ ಸದ್ದು, ಮುದ್ರಣದಲ್ಲಿ ಎಳೆ ಎಳೆ ಕೂದಲು ಕಂಡರೆ ಮೊದಲು ಬಿಸಿ ಗಾಳಿಯಲ್ಲಿ ಒಣಗಿಸಿ. ಎಷ್ಟು ಬಿಸಿ ಎಂಬುದು ಫಿಲಮೆಂಟ್ ಯಾವ ಪ್ಲಾಸ್ಟಿಕ್ಕಿನದು ಎಂಬುದರ ಮೇಲೆ: ಪಿಎಲ್‌ಎ 45–50 ಡಿಗ್ರಿಯಲ್ಲಿ ನಾಲ್ಕಾರು ಗಂಟೆ, ಪಿಇಟಿಜಿ 65ರಲ್ಲಿ ಅಷ್ಟೇ ಹೊತ್ತು, ನೈಲಾನ್ 70–80ರಲ್ಲಿ ಹನ್ನೆರಡು ಗಂಟೆ. ಪಿಎಲ್‌ಎ 60ರ ಹತ್ತಿರ ಮೆತ್ತಗಾಗಿ ಸುರುಳಿಯೇ ಅಂಟಿಕೊಳ್ಳುತ್ತದೆ.

ಬಟ್ಟೆ, ಪುಸ್ತಕಗಳಿಗೆ ಈ ದಾರಿ ಹೊಂದದು. ಅವುಗಳಲ್ಲಿರುವ ನೀರೇ ಅಷ್ಟು. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಪುನರ್ಪುಳಿ ಸಿಪ್ಪೆ ಇಡುತ್ತಿದ್ದದ್ದು ಬಿಸಿಯ ದಾರಿ, ಅದೇ ಸರಿ. 28 ಡಿಗ್ರಿಯ ಶೇ 90ರ ಗಾಳಿಯನ್ನು 33 ಡಿಗ್ರಿಗೆ ಏರಿಸಿದರೆ ತೇವಾಂಶ ಶೇ 70ರ ಒಳಗೆ ಬರುತ್ತದೆ. ಮುಚ್ಚಿದ ಕಪಾಟಿನ ತಳದಲ್ಲಿ ಕಪಾಟಿಗೆಂದೇ ಇರುವ ಕಡಿಮೆ ವ್ಯಾಟ್‌ನ ಹೀಟರ್ ರಾಡ್ (ನೀರು ಕಾಯಿಸುವ ರಾಡ್ ಅಲ್ಲ) ಸಾಕಾಗುತ್ತದೆ; ಬಟ್ಟೆ ಅದಕ್ಕೆ ತಾಗದಂತೆ ಜಾಲರಿ ಇರಬೇಕು.

ಇನ್ನು ಎಸಿ ಲ್ಯಾಬಿಗೆ ಕ್ಯಾಮೆರಾ ಒಯ್ಯುವವರ ಪಾಡು. 28 ಡಿಗ್ರಿ, ಶೇ 90 ಇರುವ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ, ಅಂದರೆ ಅದಕ್ಕಿಂತ ತಣ್ಣಗಿರುವ ವಸ್ತುವಿನ ಮೇಲೆ ಆವಿ ನೀರಾಗುತ್ತದೆ. 23 ಡಿಗ್ರಿಯ ಲ್ಯಾಬಿನಿಂದ ಕ್ಯಾಮೆರಾ ಹೊರಗೆ ತಂದ ಕೂಡಲೇ ಗಾಜಿನ ಮೇಲೆ ನೀರು ಕೂರುತ್ತದೆ. ಲ್ಯಾಬಿನೊಳಗೇ ಜಿಪ್ ಕವರಿಗೆ ಹಾಕಿ ಗಾಳಿ ಒತ್ತಿ ತೆಗೆದು ಮುಚ್ಚಿ, ಹೊರಗೆ ಬಂದು ಅರ್ಧ ಗಂಟೆ ಬಿಟ್ಟು ತೆರೆಯಿರಿ. ನೀರು ಕವರಿನ ಹೊರಮೈಗೆ ಕೂರುತ್ತದೆ. ಆ ಒದ್ದೆ ಕವರನ್ನು ಡ್ರೈ ಬಾಕ್ಸಿಗೆ ಹಾಕಬೇಡಿ.